ಪುಟ್ಟ ಮಕ್ಕಳನ್ನ ರಜಕ್ಕೆ ಎಲ್ಲಿಗೆ ಕರ್ಕೊಂಡು ಹೋಗೋದು: ಪರಿಷೆಯಿಂದ ಬಿಡದಿವರೆಗೆ

ಹೋದ ತಿಂಗಳು ಒಂದು ರಾತ್ರಿ ಊಟ ಆದಮೇಲೆ ಮಗ ಲ್ಯಾಪ್‌ಟಾಪ್ ತಂದು ಊಟದ ಮೇಜಿನ ಮೇಲೇ ಇಟ್ಟ. ನಾನಿನ್ನೂ ಸಾರಿನ ಪಾತ್ರೆ ಎತ್ತಿರಲಿಲ್ಲ. "ಅಮ್ಮ, ಈ ಸಲ ಬೇಸಿಗೆ ರಜಕ್ಕೆ ಮಕ್ಕಳನ್ನ ಹಾಂಗ್‌ಕಾಂಗ್ ಡಿಸ್ನಿಲ್ಯಾಂಡ್‌ಗೆ ಕರ್ಕೊಂಡು ಹೋಗೋಣ ಅಂತಿದೀನಿ, ನೀನೂ ಅಪ್ಪಾನೂ ಬನ್ನಿ" ಅಂದ. ಲೆಕ್ಕ ಹಾಕಿದ್ದ. ನಮ್ಮಿಬ್ಬರನ್ನ ಬಿಟ್ಟರೂ ಮೂರು ಲಕ್ಷದ ಮೇಲೆ. ಅದರಲ್ಲಿ ಅರ್ಧ ಕಂತಿನಲ್ಲಿ ಕಟ್ಟೋದು. ಸೊಸೆ ಏನೂ ಮಾತಾಡದೆ ಮೊಸರಿಗೆ ಹೆಪ್ಪು ಹಾಕ್ತಾ ನಿಂತಿದ್ದಳು. ಅವಳು ಮಾತಾಡದೆ ಇದ್ದಾಗ ಅವಳಿಗೆ ಒಪ್ಪಿಗೆ ಇಲ್ಲ ಅಂತ ಅರ್ಥ, ಅದು ಇಷ್ಟು ವರ್ಷದಲ್ಲಿ ನನಗೆ ಗೊತ್ತಾಗಿದೆ, ಮಗನಿಗೆ ಇನ್ನೂ ಗೊತ್ತಾಗಿಲ್ಲ.

ಮೊಮ್ಮಗಳಿಗೆ ಆರು ತುಂಬಿದೆ. ಮೊಮ್ಮಗನಿಗೆ ಮೂರೂವರೆ. ಅವನ ಪ್ರಪಂಚದಲ್ಲಿ ಸದ್ಯಕ್ಕೆ ದೇವರಿಗಿಂತ ದೊಡ್ಡದು ಜೆಸಿಬಿ. ನಮ್ಮ ಸಾರಕ್ಕಿಲಿ ಯಾವಾಗ ನೋಡಿದರೂ ಒಂದಲ್ಲ ಒಂದು ರಸ್ತೆ ಅಗೀತಾನೇ ಇರ್ತಾರಲ್ಲ, ಅಲ್ಲಿಗೆ ಕರ್ಕೊಂಡು ಹೋಗಿ ನಿಲ್ಲಿಸಿದರೆ ಒಂದು ಗಂಟೆ ಮಿಸುಕಾಡಲ್ಲ. ಬಿಟ್ಟಿ ಥೀಮ್ ಪಾರ್ಕು! ಹಾಗಂತ ನಾನು ತಮಾಷೆ ಮಾಡಿದ್ದಕ್ಕೆ ಮಗನಿಗೆ ಸಿಟ್ಟು ಬಂತು. "ನಮ್ಮನ್ನ ನೀವೆಲ್ಲೂ ಕರ್ಕೊಂಡು ಹೋಗ್ಲಿಲ್ಲ, ನನ್ನ ಮಕ್ಕಳಿಗಾದ್ರೂ ತೋರಿಸ್ತೀನಿ" ಅಂದುಬಿಟ್ಟ.

ಆ ಮಾತು ಚುಚ್ಚಿತು. ಎಲ್ಲೂ ಕರ್ಕೊಂಡು ಹೋಗ್ಲಿಲ್ವಾ? ರಾತ್ರಿಯೆಲ್ಲ ಅದನ್ನೇ ಯೋಚನೆ ಮಾಡ್ತಾ ಮಲಗಿದ್ದೆ. ನಮ್ಮನ್ನ ನಮ್ಮಪ್ಪ ಅಮ್ಮ ಎಲ್ಲಿಗೆ ಕರ್ಕೊಂಡು ಹೋಗ್ತಿದ್ರು, ನಾವು ನಮ್ಮ ಮಕ್ಕಳನ್ನ ಎಲ್ಲಿಗೆ ಕರ್ಕೊಂಡು ಹೋದ್ವಿ, ಈಗ ಇವರು ಎಲ್ಲಿಗೆ ಹೊರಟಿದಾರೆ. ಜೋಡಿಸಿ ನೋಡಿದರೆ ಅದೇ ಒಂದು ಚರಿತ್ರೆ ಅನ್ನಿಸ್ತು. ಪಿಯುಸಿಗೇ ಓದು ನಿಲ್ಲಿಸಿದವಳು ನಾನು, ಚರಿತ್ರೆ ಬರೆಯೋಕೆ ಯಾರೂ ಅಂತ ಕೇಳಬೇಡಿ. ಆಗಿನ ಕಾಲದ್ದು ನನ್ನ ಕಣ್ಣಿಂದ, ಉಳಿದಿದ್ದು ಓದಿ ತಿಳ್ಕೊಂಡಿದ್ದರಿಂದ.

ನಾನು ಹುಟ್ಟಿ ಬೆಳೆದಿದ್ದು ಚಾಮರಾಜಪೇಟೆ. ನಮಗೆ ವರ್ಷದ ದೊಡ್ಡ ಮೋಜು ಅಂದರೆ ಕಡಲೆಕಾಯಿ ಪರಿಷೆ. ಕಾರ್ತಿಕ ಮಾಸದ ಕೊನೇ ಸೋಮವಾರ, ಬಸವನಗುಡಿಲಿ ದೊಡ್ಡ ಗಣಪತಿ, ದೊಡ್ಡ ಬಸವಣ್ಣನ ಗುಡಿ ಮುಂದೆ. ಹಿಂದೆ ಅದು ಸುಂಕೇನಹಳ್ಳಿ. ಹೊಲಕ್ಕೆ ನುಗ್ಗಿ ಕಡಲೆಕಾಯಿ ತಿಂತಿದ್ದ ಬಸವನಿಗೆ ರೈತರು ಮೊದಲ ಬೆಳೆ ಒಪ್ಪಿಸ್ತೀವಿ ಅಂತ ಹರಕೆ ಹೊತ್ತ ಕತೆ ನಿಮಗೆಲ್ಲ ಗೊತ್ತಿರೋದೇ. ನಮಗೆ ಮಕ್ಕಳಿಗೆ ಬಸವಣ್ಣನಿಗಿಂತ ರಂಕಲರಾಟೆ ಮುಖ್ಯ. ಈಗಿನವರು ಜೈಂಟ್ ವೀಲ್ ಅಂತಾರೆ, ನಮ್ಮಜ್ಜಿ ಕೊನೇವರೆಗೂ ರಂಕಲರಾಟೆ ಅಂತಲೇ ಅಂದರು.

ಆಗಿನ ಚಿಕ್ಕ ರಾಟೆಗೆ ಮೋಟರಿಲ್ಲ, ನಾಲ್ಕೇ ನಾಲ್ಕು ಮರದ ತೊಟ್ಟಿಲು, ಒಬ್ಬ ಮನುಷ್ಯ ಕೈಯಲ್ಲೇ ತಿರುಗಿಸ್ತಿದ್ದ. ಹತ್ತೋಕೆ ಮುಂಚೆ ಯಾರೂ ನಮ್ಮನ್ನ ಅಳತೆ ಮಾಡ್ತಿರಲಿಲ್ಲ. ಅವನು ಮುಖ ನೋಡಿ "ಪಾಪು ಅಳಲ್ಲ ತಾನೇ?" ಅಂತ ಕೇಳೋನು. ಮೇಲೆ ಹೋದಮೇಲೆ ನನ್ನ ತಮ್ಮ ಕಿಟಾರನೆ ಕಿರುಚಿಕೊಂಡ. ಆ ಮನುಷ್ಯ ರಾಟೆ ಹಿಡಿದು ನಿಲ್ಲಿಸಿದ, ಹಿಂದಕ್ಕೆ ತಿರುಗಿಸಿದ, ಇವನನ್ನ ಎತ್ತಿ ಅಮ್ಮನ ಕೈಗೆ ಕೊಟ್ಟ, ಉಳಿದ ಮೂವರನ್ನ ಮತ್ತೆ ತಿರುಗಿಸಿದ. ಇದೆಲ್ಲ ಒಂದು ನಿಮಿಷದ ಕೆಲಸ. ಅಳು ಕೇಳಿಸಿದರೆ ನಿಲ್ಲಿಸೋ ಯಂತ್ರ ಅದು. ಈಗ ಯೋಚಿಸಿದರೆ, ಚಿಕ್ಕ ಮಕ್ಕಳಿಗೆ ಅಂಥ ಯಂತ್ರ ಆಮೇಲೆ ಯಾರೂ ಮಾಡಲೇ ಇಲ್ಲ.

ದೊಡ್ಡ ರಾಟೆಯ ಕತೆಯೇ ಬೇರೆ. 1893ರಲ್ಲಿ ಅಮೆರಿಕದ ಷಿಕಾಗೋಲಿ ದೊಡ್ಡದೊಂದು ವಸ್ತುಪ್ರದರ್ಶನ ನಡೀತು. ಅದೇ ವರ್ಷ ಅದೇ ಊರಲ್ಲೇ ವಿವೇಕಾನಂದರು ಭಾಷಣ ಮಾಡಿದ್ದು. ಅಲ್ಲಿ ಜಾರ್ಜ್ ಫೆರಿಸ್ ಅನ್ನೋ ಇಂಜಿನಿಯರು 264 ಅಡಿ ಎತ್ತರದ ಚಕ್ರ ನಿಲ್ಲಿಸಿದ. 36 ಪೆಟ್ಟಿಗೆ, ಒಂದೊಂದರಲ್ಲಿ 60 ಜನ. ಅಂದರೆ ಒಂದು ಸಲಕ್ಕೆ 2000ಕ್ಕೂ ಮೇಲೆ! ಅಷ್ಟು ಜನರಲ್ಲಿ ಒಂದು ಮಗು ಅತ್ತರೆ ಯಾರಿಗೆ ಕೇಳಿಸುತ್ತೆ ಹೇಳಿ. ಅವತ್ತಿಂದ ಶುರುವಾಯ್ತು ನೋಡಿ, ಇನ್ನೂ ಎತ್ತರ, ಇನ್ನೂ ಜೋರು ಅನ್ನೋದು.

ಪರಿಷೆ ಬಿಟ್ಟರೆ ಮೈಸೂರು. ಬೆಂಗಳೂರಿನ ಮಧ್ಯಮ ವರ್ಗದ ಮನೆಗಳಿಗೆಲ್ಲ ಪ್ರವಾಸ ಅಂದರೆ ಮೈಸೂರು ಅಂತಲೇ ಅರ್ಥ. ದಸರಾ ವಸ್ತುಪ್ರದರ್ಶನ 1880ರ ದಶಕದಷ್ಟು ಹಳೇದು, ಚಾಮರಾಜೇಂದ್ರ ಒಡೆಯರ ಕಾಲದ್ದು. ಮೃಗಾಲಯ 1892ರದ್ದು. ಕನ್ನಂಬಾಡಿ ಕಟ್ಟೆ, ಅದರ ಕೆಳಗಿನ ಬೃಂದಾವನ 1930ರ ಆಸುಪಾಸಿನದು. ಬೆಳಿಗ್ಗೆ ರೈಲಿಗೆ ಹೊರಟು ಮೃಗಾಲಯ ನೋಡಿ, ಸಾಯಂಕಾಲ ಕಾರಂಜಿ ನೋಡಿ, ಚಪಾತಿ ಪಲ್ಯ ಚಿತ್ರಾನ್ನ ತಿಂದು, ನೆಂಟರ ಮನೆ ಹಜಾರದಲ್ಲಿ ಸಾಲಾಗಿ ಮಲಗಿ ಮಾರನೇ ದಿನ ವಾಪಸ್ಸು. ಹೋಟೆಲ್ ರೂಮು ಅನ್ನೋದನ್ನ ನಾನು ಮದುವೆ ಆಗೋವರೆಗೂ ನೋಡಿರಲಿಲ್ಲ. ಇಲ್ಲೊಂದು ವಿಷಯ ಗಮನಿಸಿ. ಮೃಗಾಲಯ, ಕಾರಂಜಿ ಯಾವುದನ್ನೂ ಮಕ್ಕಳಿಗೇ ಅಂತ ಮಾಡಿದ್ದಲ್ಲ. ಆದರೆ ಕಂಕುಳ ಮಗುವಿಂದ ಹಿಡಿದು ಅಜ್ಜಿವರೆಗೆ ಎಲ್ಲರೂ ಒಂದೇ ಆನೆ ನೋಡ್ತಿದ್ವಿ.

ಮಕ್ಕಳಿಗೇ ಅಂತ ಮಾಡಿದ್ದು ನಾನು ಮೊದಲು ನೋಡಿದ್ದು ಕಬ್ಬನ್ ಪಾರ್ಕಿನ ಬಾಲಭವನ. ಪುಟಾಣಿ ರೈಲು! ಮರಗಳ ಮಧ್ಯೆ ಕೂಗ್ತಾ ಒಂದು ಸುತ್ತು ಹೊಡೆದು ಬಿಡ್ತಿತ್ತು. ಅದರಲ್ಲಿ ದೊಡ್ಡವರಿಗೆ ಮಂಡಿ ಗಲ್ಲಕ್ಕೆ ತಾಗುತ್ತೆ, ಮಕ್ಕಳಿಗೆ ಸರಿಯಾಗಿ ಕೂರೋಕಾಗುತ್ತೆ. ಪಕ್ಕದಲ್ಲೇ ಕಸ್ತೂರಬಾ ರಸ್ತೆಲಿ ವಿಶ್ವೇಶ್ವರಯ್ಯ ಮ್ಯೂಸಿಯಂ, 1962ರಲ್ಲಿ ನೆಹರೂ ಅವರೇ ಬಂದು ತೆರೆದಿದ್ದು. ಅಲ್ಲಿ ಗುಂಡಿ ಒತ್ತಿದರೆ ದೀಪ ಹತ್ತೋದು, ಚಕ್ರ ತಿರುಗೋದು. ಮುಟ್ಟಬೇಡಿ ಅಂತ ಬೋರ್ಡ್ ಹಾಕಿರೋ ಪ್ರಪಂಚದಲ್ಲಿ ಮುಟ್ಟಿ ಅಂತ ಹೇಳ್ತಿದ್ದ ಒಂದೇ ಜಾಗ. ನಮ್ಮಪ್ಪ ಬಿನ್ನಿ ಮಿಲ್ಲಲ್ಲಿ ಕೆಲಸ ಮಾಡ್ತಿದ್ದವರು, ಆ ಚಕ್ರಗಳ ಹತ್ತಿರ ನಮಗಿಂತ ಹೆಚ್ಚು ಹೊತ್ತು ಅವರೇ ನಿಲ್ತಿದ್ದರು.

ಈಗ ಒಂದು ಬೇಸರದ ವಿಷಯ ಬರೀಬೇಕು. ಬರೆಯದೆ ಬಿಡೋಕೆ ಮನಸ್ಸಾಗ್ತಿಲ್ಲ, ಯಾಕಂದರೆ ಮಕ್ಕಳನ್ನ ಎಲ್ಲಿಗಾದರೂ ಕರ್ಕೊಂಡು ಹೋಗೋ ಮಾತು ಬಂದಾಗಲೆಲ್ಲ ನನಗೆ ಮೊದಲು ನೆನಪಾಗೋದೇ ಅದು. 1981ರ ಫೆಬ್ರವರಿ 7, ಶನಿವಾರ. ಬೆಂಗಳೂರಿಗೆ ವೀನಸ್ ಸರ್ಕಸ್ ಬಂದಿತ್ತು. ಡೇರೆಗೆ ಬೆಂಕಿ ಹತ್ತಿತು. 92 ಜನ ಹೋದರು, ಅದರಲ್ಲಿ ಹೆಚ್ಚಿನವರು ಮಕ್ಕಳು. ಸುಟ್ಟಿದ್ದಷ್ಟೇ ಅಲ್ಲ, ಹೊರಗೆ ಹೋಗೋ ಅವಸರದಲ್ಲಿ ತುಳಿತಕ್ಕೆ ಸಿಕ್ಕಿದ ಮಕ್ಕಳೂ ಇದ್ದರು. ನನಗಾಗ ಹತ್ತು ವರ್ಷ. ಮಾರನೇ ದಿನ ಭಾನುವಾರ ನಮ್ಮನ್ನ ಸರ್ಕಸ್ಸಿಗೆ ಕರ್ಕೊಂಡು ಹೋಗ್ತೀನಿ ಅಂತ ಅಪ್ಪ ಮಾತು ಕೊಟ್ಟಿದ್ದರು. ನಾನೂ ತಮ್ಮನೂ ಆ ವಾರವೆಲ್ಲ ಜಗಳ ಆಡದೆ ಒಳ್ಳೆ ಮಕ್ಕಳಾಗಿ ಇದ್ವಿ. ಭಾನುವಾರ ಬೆಳಿಗ್ಗೆ ಅಪ್ಪ ಪೇಪರ್ ಓದಿ ಮಡಚಿ ಬೀರು ಮೇಲಿಟ್ಟರು. ನಮ್ಮ ಕೈಗೆ ಸಿಗದ ಹಾಗೆ. ಅಮ್ಮ ಅಡುಗೆಮನೇಲಿ ಕೂತು ಅಳ್ತಿದ್ದಳು. ನಮಗೆ ಯಾರೂ ಏನೂ ಹೇಳಲಿಲ್ಲ, ಸ್ಕೂಲಲ್ಲಿ ಗೊತ್ತಾಯ್ತು.

ಅದಾದಮೇಲೆ ಎಷ್ಟೋ ವರ್ಷ ಅಮ್ಮ ನಮ್ಮನ್ನ ಡೇರೆಯ ಕೆಳಗೆ ಕೂರೋಕೆ ಬಿಡಲಿಲ್ಲ. ಮದುವೆ ಚಪ್ಪರಕ್ಕೂ ಬೈತಿದ್ದಳು. ಸಿನಿಮಾಗೆ ಹೋದರೆ ಸೀಟು ಹುಡುಕೋ ಮುಂಚೆ "ಹೊರಗೆ ಹೋಗೋ ಬಾಗಿಲು ಎಲ್ಲಿದೆ ನೋಡ್ಕೊಳ್ಳೇ" ಅನ್ನೋಳು. ಈಗ ನಾನೂ ಹಾಗೇ. ಮಾಲ್‌ಗೆ ಹೋದರೂ, ಮದುವೆ ಛತ್ರಕ್ಕೆ ಹೋದರೂ ಮೊದಲು ಬಾಗಿಲು ನೋಡ್ತೀನಿ. ಸೊಸೆ ನಗ್ತಾಳೆ, ನಗಲಿ. ಎಷ್ಟು ರೈಡ್ ಇದೆ ಅಂತ ಕೇಳೋ ಮುಂಚೆ ಹೊರಗೆ ಹೋಗೋ ದಾರಿ ಎಷ್ಟಿದೆ ಅಂತ ಕೇಳೋರು ಮನೆಗೊಬ್ಬರಾದರೂ ಇರಬೇಕು.

ಥೀಮ್ ಪಾರ್ಕ್ ಅನ್ನೋದು ಹುಟ್ಟಿದ್ದು ಒಬ್ಬ ಅಪ್ಪನ ಬೇಜಾರಿನಿಂದ ಅಂತ ಓದಿದಾಗ ನನಗೆ ಆಶ್ಚರ್ಯವಾಯ್ತು. ಮಿಕ್ಕಿ ಮೌಸ್ ಮಾಡಿದ ವಾಲ್ಟ್ ಡಿಸ್ನಿ ಶನಿವಾರ ಭಾನುವಾರ ತನ್ನ ಇಬ್ಬರು ಹೆಣ್ಣುಮಕ್ಕಳನ್ನ ಲಾಸ್ ಏಂಜಲೀಸಿನ ಗ್ರಿಫಿತ್ ಪಾರ್ಕಿಗೆ ಕರ್ಕೊಂಡು ಹೋಗ್ತಿದ್ದನಂತೆ. ಮಕ್ಕಳು ತಿರುಗೋ ಮರದ ಕುದುರೆ ಮೇಲೆ ಸುತ್ತೋದು, ಇವನು ಬೆಂಚಿನ ಮೇಲೆ ಕಡಲೆಕಾಯಿ ತಿಂತಾ ಕೂರೋದು. ನೋಡಿ, ಅಲ್ಲೂ ಕಡಲೆಕಾಯಿ! ಅಪ್ಪ ಅಮ್ಮಂದಿರೂ ಮಕ್ಕಳೂ ಒಟ್ಟಿಗೆ ಆಡೋ ಜಾಗ ಯಾಕಿರಬಾರದು ಅಂತ ಅವನಿಗೆ ಹೊಳೀತು. 1955ರ ಜುಲೈ 17ಕ್ಕೆ ಕ್ಯಾಲಿಫೋರ್ನಿಯಾದ ಅನಾಹೈಮ್‌ನಲ್ಲಿ ಡಿಸ್ನಿಲ್ಯಾಂಡ್ ಶುರುವಾಯ್ತು. ಒಂದೇ ವರ್ಷದಲ್ಲಿ ಕಟ್ಟಿ ಮುಗಿಸಿದ್ದು.

ಆ ಮೊದಲ ದಿನ ಏನಾಯ್ತು ಗೊತ್ತಾ? ಕರೆದವರು ಒಂದಷ್ಟು, ಬಂದವರು ಸುಮಾರು ಎರಡರಷ್ಟು, ಕಳ್ಳ ಟಿಕೆಟ್ ಮಾಡ್ಕೊಂಡು ನುಗ್ಗಿದ್ದರು. ನಲ್ಲಿ ಕೆಲಸದವರ ಮುಷ್ಕರ ಇತ್ತು, ಹಾಗಾಗಿ ಕುಡಿಯೋ ನೀರಿನ ನಲ್ಲಿಗಳು ಎಷ್ಟೋ ಕಡೆ ಇಲ್ಲ. ಬಿಸಿಲಿಗೆ ಹೊಸ ಟಾರು ಕರಗಿ ಹೆಂಗಸರ ಹಿಮ್ಮಡಿ ಚಪ್ಪಲಿ ಹೂತುಕೊಳ್ತಿತ್ತು. ನಮ್ಮೂರಲ್ಲಿ ಹೊಸ ಮಾಲ್ ಶುರುವಾದ ದಿನದ ಹಾಗೇ. ಆದರೆ ಆಮೇಲೆ ಸರಿ ಮಾಡ್ಕೊಂಡರು. ಇವತ್ತಿಗೂ ಅಲ್ಲಿ ಅಪ್ಪ ಅಮ್ಮನ ಪಕ್ಕದಲ್ಲೇ ಕೂತು ಕೂಸುಗಳೂ ಹೋಗೋ ಆಟ ಬೇಕಾದಷ್ಟಿದೆ. ಆ ಮಟ್ಟಿಗೆ ನನ್ನ ಮಗನ ಆಯ್ಕೆ ತಪ್ಪಲ್ಲ, ಅದನ್ನ ಒಪ್ಕೊಳ್ಳಲೇಬೇಕು.

ನಮ್ಮ ದೇಶಕ್ಕೆ ಇದು ಬಂದಿದ್ದು ನಿಧಾನವಾಗಿ. ಡೆಲ್ಲಿ ಪ್ರಗತಿ ಮೈದಾನದಲ್ಲಿ 1984ರ ನವೆಂಬರ್‌ನಲ್ಲಿ ಅಪ್ಪು ಘರ್. 1982ರ ಏಷ್ಯನ್ ಕ್ರೀಡಾಕೂಟದ ಗುರುತು ಪುಟ್ಟ ಆನೆಮರಿ ಅಪ್ಪು ಇತ್ತಲ್ಲ, ಅದರ ಹೆಸರು. 2008ರಲ್ಲಿ ಮುಚ್ಚಿದರು. ಮುಂಬೈಯ ಗೋರಾಯಿಲಿ 1989ಕ್ಕೆ ಎಸ್ಸೆಲ್ ವರ್ಲ್ಡ್, ಲಾಂಚಿನಲ್ಲಿ ನೀರು ದಾಟಿ ಹೋಗ್ತಿದ್ದರು. ಟಿವಿ ಜಾಹೀರಾತಲ್ಲಿ ಅದನ್ನ ನೋಡಿ ನೋಡಿ ನಮ್ಮ ಬೀದಿ ಮಕ್ಕಳೆಲ್ಲ ಅಲ್ಲಿಗೆ ಹೋಗಿಬಂದವರ ಹಾಗೇ ಮಾತಾಡ್ತಿದ್ದವು. ಚೆನ್ನೈಯ ತಾಂಬರಂ ಹತ್ತಿರ 1995ರಲ್ಲಿ ಕಿಷ್ಕಿಂಟ, ಅದನ್ನ ಶುರು ಮಾಡಿದವರು ಮಲಯಾಳಂ ಸಿನಿಮಾದ ನವೋದಯ ಅಪ್ಪಚ್ಚನ್. ಕನ್ನಡಕ ಹಾಕ್ಕೊಂಡು ನೋಡೋ ನಮ್ಮ ದೇಶದ ಮೊದಲ 3ಡಿ ಸಿನಿಮಾ ಮೈ ಡಿಯರ್ ಕುಟ್ಟಿಚಾತ್ತನ್ ತೆಗೆದವರೇ ಇವರು.

ನಮ್ಮ ಬಿಡದಿ ವಂಡರ್‌ಲಾ ಕತೆ ನನಗೆ ಹೆಚ್ಚು ಇಷ್ಟ, ಯಾಕಂದರೆ ಅದು ಅಡುಗೆಮನೆಯಿಂದ ಶುರುವಾಗುತ್ತೆ. ನಿಮ್ಮನೇಲಿ ಹಳೇ ಫ್ರಿಜ್ ಪಕ್ಕ ಒಂದು ಸ್ಟೆಬಿಲೈಜರ್ ಪೆಟ್ಟಿಗೆ ಇರ್ತಿತ್ತಾ? ವಿ-ಗಾರ್ಡ್? ಕೊಚೌಸೆಫ್ ಚಿಟ್ಟಿಲಪ್ಪಿಳ್ಳಿ ಅನ್ನೋರು 1977ರಲ್ಲಿ ಕೊಚ್ಚಿಲಿ, ತಂದೆ ಹತ್ತಿರ ಒಂದು ಲಕ್ಷ ಸಾಲ ತಗೊಂಡು ಶುರು ಮಾಡಿದ್ದು ಅದು. ಕರೆಂಟು ಏರುಪೇರಾಗೋದು ನಮಗೆ ತಲೆನೋವು, ಅವರಿಗೆ ವ್ಯಾಪಾರ. ಆ ದುಡ್ಡಿಂದ 2000ದಲ್ಲಿ ಕೊಚ್ಚಿ ಹತ್ತಿರ ವೀಗಾಲ್ಯಾಂಡ್ ಮಾಡಿದರು. ವಿ-ಗಾರ್ಡಿನ ವೀ. 2005ರಲ್ಲಿ ಬೆಂಗಳೂರಿಂದ ಸುಮಾರು 28 ಕಿಲೋಮೀಟರ್ ದೂರದ ಬಿಡದಿಗೆ ವಂಡರ್‌ಲಾ ಬಂತು, 82 ಎಕರೆ ಜಾಗದಲ್ಲಿ. ಹಾಂಗ್‌ಕಾಂಗ್ ಡಿಸ್ನಿಲ್ಯಾಂಡ್ ಬಾಗಿಲು ತೆರೆದಿದ್ದೂ ಅದೇ 2005ರಲ್ಲೇ. ಇದನ್ನ ಹೇಳಿದಾಗ ಮಗನೂ ಸ್ವಲ್ಪ ನಕ್ಕ.

82 ಎಕರೆ ಅಂದಾಗ ನನಗೆ ನಮ್ಮ ಕೆರೆ ನೆನಪಾಗುತ್ತೆ. ಸಾರಕ್ಕಿ ಕೆರೆಯೂ ದಾಖಲೆ ಪ್ರಕಾರ 82 ಎಕರೆಯಷ್ಟೇ. ನಾನು 1991ರಲ್ಲಿ ಮದುವೆಯಾಗಿ ಇಲ್ಲಿಗೆ ಬಂದಾಗ ಸಾರಕ್ಕಿ ಗೇಟಿಂದ ಆಚೆ ಹೋದರೆ ಊರು ಮುಗೀತು ಅನ್ನಿಸ್ತಿತ್ತು. ಮಕ್ಕಳು ಚಿಕ್ಕವರಿದ್ದಾಗ ಸಾಯಂಕಾಲ ಕೆರೆ ಕಡೆ ಹೋಗ್ತಿದ್ವಿ. ಆಮೇಲಾಮೇಲೆ ವಾಸನೆ ತಡೆಯೋಕಾಗದೆ ಬಿಟ್ವಿ. ಸುತ್ತ ಮನೆಗಳೆದ್ದವು. 2015ರ ಏಪ್ರಿಲ್‌ನಲ್ಲಿ ಜಿಲ್ಲಾಡಳಿತದವರು ಬಂದು ಒತ್ತುವರಿ ಒಡೆದರಲ್ಲ, ಆಗ 30 ಎಕರೆಗೂ ಮೇಲೆ ಹೋಗಿತ್ತು ಅಂತ ಪೇಪರಲ್ಲಿ ಬಂತು. ಸೈಟು ಕೊಂಡು ಮನೆ ಕಟ್ಟಿದ್ದವರ ಗೋಳೂ ನೋಡಿದೆ, ಅದು ಬೇರೆಯೇ ಬರಹ. ಈಗ ಬೇಲಿ ಹಾಕಿ ನಡೆಯೋ ದಾರಿ ಮಾಡಿದಾರೆ, ಹಕ್ಕಿಗಳು ಬರ್ತವೆ, ಮೊಮ್ಮಕ್ಕಳು ನೋಡ್ತಾರೆ. ಊರೊಳಗೆ 82 ಎಕರೆ ಕೆರೆನ ಹಾಳು ಮಾಡ್ಕೊಂಡು, ಊರಾಚೆ 82 ಎಕರೆ ಪಾರ್ಕಿಗೆ ನೀರಾಟ ಆಡೋಕೆ ಹೋಗ್ತೀವಿ ನಾವು. ಇರಲಿ.

ಈಗ ನಮ್ಮ ಮಗ ಅಂದ ಮಾತಿಗೆ ಬರ್ತೀನಿ. ಎಲ್ಲೂ ಕರ್ಕೊಂಡು ಹೋಗಲಿಲ್ಲ ಅಂದನಲ್ಲ, ಒಂದು ಸಲ ಹೋಗಿದ್ವಿ. 2004ರಲ್ಲಿ ಬೇರೆ ಊರಿಗೆ ನೆಂಟರ ಮದುವೆಗೆ ಹೋದಾಗ ಅಲ್ಲೊಂದು ಪಾರ್ಕಿತ್ತು, ಹೆಸರು ಬೇಡ ಬಿಡಿ. ಮಗನಿಗೆ ಹನ್ನೊಂದು, ಮಗಳಿಗೆ ಆರು. ನಮ್ಮೆಜಮಾನ್ರು ಹಬ್ಬದ ಮುಂಗಡ ತಗೊಂಡಿದ್ದ ದುಡ್ಡು ಅದು. ನಾಲ್ಕು ಟಿಕೆಟ್ ತಗೊಂಡು ಒಳಗೆ ಹೋದರೆ ಪ್ರತಿ ಆಟದ ಮುಂದೆಯೂ ಒಂದು ಬಣ್ಣದ ಕೋಲು. ಕೋಲಿಗಿಂತ ಎತ್ತರ ಇದ್ದರೆ ಒಳಗೆ, ಇಲ್ಲದಿದ್ದರೆ ಹೊರಗೆ. ಮಗ ಎಲ್ಲದಕ್ಕೂ ಹೋದ. ಮಗಳು ಮೊದಲನೇ ಕೋಲಿನ ಹತ್ತಿರ ತುದಿಗಾಲಲ್ಲಿ ನಿಂತಳು. ಎರಡನೇದರಲ್ಲಿ ಜುಟ್ಟು ಮೇಲೆ ಎಳೆದುಕೊಂಡಳು. ಮೂರನೇದರಲ್ಲಿ ಅಳೋಕೆ ಶುರು ಮಾಡಿದಳು. ಬಸ್ಸಿನಲ್ಲಿ ಅರ್ಧ ಟಿಕೆಟ್ಟಿಗೆ "ಸ್ವಲ್ಪ ಬಗ್ಗಿ ನಿಂತ್ಕೋ ಪುಟ್ಟ" ಅಂತ ಹೇಳ್ಕೊಟ್ಟವಳು ನಾನೇ. ಇಲ್ಲಿ ಉದ್ದ ಆಗು ಅಂದರೆ ಆಗುತ್ತಾ!

ಆ ಹುಡುಗ ತಡೆದಿದ್ದು ಸರಿಯೇ. ಅಷ್ಟು ವೇಗದ ಆಟದಲ್ಲಿ ಚಿಕ್ಕ ಮಗುವಿಗೆ ಆ ಕಬ್ಬಿಣದ ಅಡ್ಡಪಟ್ಟಿ ಸರಿಯಾಗಿ ಕೂರಲ್ಲ, ನುಸುಳಿ ಜಾರಿಬಿಡುತ್ತೆ, ಅದಕ್ಕೇ ಆ ಅಳತೆ. ಎತ್ತರ ಕಮ್ಮಿ ಇದ್ದರೂ ಪರವಾಗಿಲ್ಲ ಹತ್ತಿಸಿ ಅಂತ ಜಗಳ ಆಡೋ ಅಪ್ಪಂದಿರನ್ನ ನೋಡಿದರೆ ನನಗೆ ಮೈ ಉರಿಯುತ್ತೆ. ತಪ್ಪು ನಮ್ಮದು. ಹನ್ನೊಂದು ವರ್ಷದವನಿಗೆ ಮಾಡಿದ ಜಾಗಕ್ಕೆ ಆರು ವರ್ಷದವಳನ್ನ ಕರ್ಕೊಂಡು ಹೋಗಿದ್ವಿ. ನಾನು ಸೀರೆಲಿದ್ದೆ, ಹಾಗಾಗಿ ನೀರಿನ ಆಟಕ್ಕೂ ಇಳಿಯೋ ಹಾಗಿಲ್ಲ. ನಮ್ಮೆಜಮಾನ್ರು ಬ್ಯಾಗು ಚಪ್ಪಲಿ ಕಾಯ್ತಾ ಮರದ ಕೆಳಗೆ ಕೂತರು. ಡಿಸ್ನಿಗಾದರೂ ಕಡಲೆಕಾಯಿ ಇತ್ತು, ಇವರಿಗೆ ಅದೂ ಇಲ್ಲ, ಹೊರಗಿನ ತಿಂಡಿ ಒಳಗೆ ಬಿಡಲ್ಲ.

ಮಗಳು ಈಗ ಮೈಸೂರಲ್ಲಿದಾಳೆ. ಮಾರನೇ ದಿನ ಫೋನ್ ಮಾಡಿ ಕೇಳಿದೆ, ಆ ಪಾರ್ಕು ನೆನಪಿದ್ಯೇನೇ ಅಂತ. "ಕೋಲು ನೆನಪಿದೆ ಅಮ್ಮ, ಕೆಂಪು ಬಿಳಿ ಪಟ್ಟೆ. ಮತ್ತೆ ಅಪ್ಪ ಹೊರಗೆ ಬಂದಮೇಲೆ ಬಾಂಬೆ ಮಿಠಾಯಿ ಕೊಡಿಸಿದ್ದರು" ಅಂದಳು. ಅಷ್ಟೇ. ಅವಳ ಅಣ್ಣ ಹನ್ನೊಂದು ಆಟ ಆಡಿದ್ದವನು, ಅಲ್ಲಿಗೆ ಹೋಗಿದ್ದನ್ನೇ ಮರೆತುಬಿಟ್ಟಿದಾನೆ ನೋಡಿ!

ಆ ದಿನ ಸಾಯಂಕಾಲ ಸೊಸೆ ನಾನೂ ಸೇರಿ ಒಂದು ಕೆಲಸ ಮಾಡಿದ್ವಿ. ಹಾಲಿನ ಬಾಗಿಲ ಚೌಕಟ್ಟಿನಲ್ಲಿ ಮಕ್ಕಳ ಎತ್ತರಕ್ಕೆ ಪೆನ್ಸಿಲಲ್ಲಿ ಗೀಟು ಹಾಕ್ತಾ ಬಂದಿದೀವಿ. ಟೇಪ್ ಹಿಡಿದು ಅಳೆದರೆ ಮೊಮ್ಮಗಳು 114 ಸೆಂಟಿಮೀಟರು, ಮೊಮ್ಮಗ 97. ದೊಡ್ಡ ಪಾರ್ಕುಗಳಲ್ಲಿ ಜೋರು ಆಟಗಳಿಗೆ ಎಷ್ಟೋ ಕಡೆ 140 ಕೇಳ್ತಾರೆ. ಅಷ್ಟು ಎತ್ತರ ಆಗೋ ಹೊತ್ತಿಗೆ ಮಕ್ಕಳಿಗೆ ಹತ್ತು ಹನ್ನೊಂದು ವರ್ಷ ಆಗಿರುತ್ತೆ. ಟಿಕೆಟ್ಟನ್ನೂ ವಯಸ್ಸಿಗಿಂತ ಎತ್ತರ ನೋಡಿಯೇ ಕೊಡೋದು ಈಗ. ಸೊಸೆ ಒಂದು ಹಾಳೆ ತಗೊಂಡು ಮೂರು ಸಾಲು ಮಾಡಿದಳು. ಇಬ್ಬರೂ ಹೋಗೋ ಆಟ ಎಷ್ಟು, ದೊಡ್ಡವಳೊಬ್ಬಳೇ ಹೋಗೋದು ಎಷ್ಟು, ಇಬ್ಬರೂ ಹೊರಗೆ ನಿಲ್ಲೋದು ಎಷ್ಟು. ಪಾರ್ಕಿನವರೇ ತಮ್ಮ ಪಟ್ಟಿಲಿ ಎತ್ತರ ಹಾಕಿರ್ತಾರೆ, ಅದನ್ನ ನೋಡೋ ತಾಳ್ಮೆ ಬೇಕಷ್ಟೇ. ಮೂರನೇ ಸಾಲು ಉದ್ದ ಆದರೆ ಆ ಜಾಗ ಈ ವರ್ಷಕ್ಕಲ್ಲ. ಬಹಳ ಬುದ್ಧಿವಂತೆ ನಮ್ಮ ಸೊಸೆ, ನನಗೆ 2004ರಲ್ಲಿ ಇದು ಹೊಳೀಲಿಲ್ಲ.

ಹಾಂಗ್‌ಕಾಂಗಿನ ಹಾಳೆ ನಿಜವಾಗಿಯೂ ಚೆನ್ನಾಗಿ ಬಂತು, ಮೊದಲನೇ ಸಾಲೇ ಉದ್ದ. ಆದರೆ ಐದಾರು ಗಂಟೆ ವಿಮಾನ, ಎರಡೂವರೆ ಗಂಟೆ ಹೆಚ್ಚಿನ ಸಮಯ, ಮಧ್ಯಾಹ್ನ ಎರಡು ಗಂಟೆ ನಿದ್ದೆ ಮಾಡದಿದ್ದರೆ ರಂಪ ಮಾಡೋ ಮೊಮ್ಮಗ, ಅನ್ನ ಮೊಸರು ಬಿಟ್ಟು ಬೇರೆ ಮುಟ್ಟದ ಮೊಮ್ಮಗಳು. ಇಬ್ಬರಿಗೂ ಮಿಕ್ಕಿ ಮೌಸ್ ಯಾರು ಅಂತಲೇ ಸರಿಯಾಗಿ ಗೊತ್ತಿಲ್ಲ! ಜೊತೆಗೆ ಕಂತು. "ಮಗು ಮರೆತುಹೋಗೋ ಮೂರು ದಿನಕ್ಕೆ ನಾವು ಹನ್ನೆರಡು ತಿಂಗಳು ನೆನಪಿಟ್ಕೊಂಡು ಕಟ್ಟಬೇಕಾ?" ಅಂತ ಸೊಸೆ ಆಗ ಬಾಯಿ ಬಿಟ್ಟಳು. ಮಗ ಸ್ವಲ್ಪ ಹೊತ್ತು ಮುನಿಸ್ಕೊಂಡು ಟೆರೇಸಿಗೆ ಹೋದ.

ನಾನೂ ಮೇಲೆ ಹೋದೆ. ಅವನು ಅಂದಿದ್ದರಲ್ಲಿ ಸ್ವಲ್ಪ ನಿಜ ಇದೆ ಅಂತ ಹೇಳಿದೆ. ನಮ್ಮ ಹತ್ತಿರ ದುಡ್ಡಿರಲಿಲ್ಲ, ಇದ್ದಾಗ ಧೈರ್ಯ ಇರಲಿಲ್ಲ. ಅಮ್ಮನ ಭಯ ನನಗೆ ಬಂತು, ನನ್ನ ಭಯಕ್ಕೆ ಇವರ ಎಷ್ಟೋ ಶಾಲೆ ಪ್ರವಾಸಗಳು ಹೋದವು. ಒಂಬತ್ತನೇ ಕ್ಲಾಸಲ್ಲಿ ಅವನ ಜೊತೆಯವರೆಲ್ಲ ಬಿಡದಿಗೆ ಹೋದಾಗ ನಾನು ಚೀಟಿಗೆ ಸಹಿ ಹಾಕಲಿಲ್ಲ. ಅದು ಅವನಿಗೆ ಇನ್ನೂ ನೆನಪಿದೆ, ಪಾರ್ಕಿಗೆ ಹೋಗಿದ್ದು ಮರೆತರೂ ಹೋಗದೆ ಇದ್ದಿದ್ದು ಮರೆತಿಲ್ಲ. "ಮಕ್ಕಳಿಗೋಸ್ಕರ ಹೋಗ್ತಿದೀಯೋ ನಿನಗೋಸ್ಕರವೋ?" ಅಂತ ಕೇಳಿದೆ. ಉತ್ತರ ಕೊಡಲಿಲ್ಲ, ನೀರಿನ ಟ್ಯಾಂಕ್ ತುಂಬಿ ಹರೀತಿತ್ತು, ಹೋಗಿ ಮೋಟರ್ ಆಫ್ ಮಾಡಿದ.

ಕೊನೆಗೆ ತೀರ್ಮಾನ ಆಗಿದ್ದು ಹೀಗೆ. ಹಾಂಗ್‌ಕಾಂಗಿಗೆ ಚಿಕ್ಕವನಿಗೆ ಏಳೆಂಟು ವರ್ಷ ಆದಮೇಲೆ, ಕಂತಿಲ್ಲದೆ, ಈಗಿಂದಲೇ ತಿಂಗಳು ತಿಂಗಳು ಎತ್ತಿಡೋದು. ಬನ್ನೇರುಘಟ್ಟಕ್ಕೆ ಒಂದು ದಿನ, ನಮಗೆ ಹತ್ತಿರ. 2006ರಲ್ಲಿ ಶುರುವಾದ ಚಿಟ್ಟೆ ಪಾರ್ಕಿಗೆ ಯಾವ ಎತ್ತರದ ಕೋಲೂ ಇಲ್ಲ. ಮಂಗಳವಾರ ಮಾತ್ರ ಹೋಗಬೇಡಿ, ರಜ. ಒಂದು ಬುಧವಾರ ಬಿಡದಿಗೆ, ಮಗ ಒಂದು ದಿನ ರಜ ಹಾಕ್ತಾನೆ. ಶನಿವಾರ ಭಾನುವಾರದ ಜನಕ್ಕೆ ಸಿಕ್ಕಿದರೆ ಮಕ್ಕಳು ಆಟಕ್ಕಿಂತ ಸಾಲಲ್ಲೇ ಹೆಚ್ಚು ಹೊತ್ತು ನಿಲ್ಲಬೇಕು. ಅಲ್ಲಿ ಸೊಸೆ ಮಕ್ಕಳ ಜೊತೆ ಚಿಕ್ಕ ಆಟಗಳ ಹತ್ತಿರ ಇರ್ತಾಳೆ, ಮಗ ಒಬ್ಬನೇ ಹೋಗಿ ಅವನಿಗೆ ಬೇಕಾದ ಜೋರು ಆಟವೆಲ್ಲ ಆಡಿಬರಲಿ ಅಂತ ಅವಳೇ ಹೇಳಿದಳು. ಬರ್ತಾ ಬಿಡದಿ ತಟ್ಟೆ ಇಡ್ಲಿ. ಅದಕ್ಕೆಲ್ಲ ಮೊದಲು ಬಾಲಭವನ.

ಬಾಲಭವನಕ್ಕೆ ಮೊನ್ನೆ ಶನಿವಾರ ಹೋಗಿಬಂದ್ವಿ. ಹೋಗೋರಿಗೆ ಒಂದು ಮಾತು, ರೈಲು ರಿಪೇರಿ ಅಂತ ಆಗಾಗ ನಿಲ್ಲಿಸ್ತಾರೆ, ಮೊದಲೇ ವಿಚಾರಿಸ್ಕೊಂಡು ಹೊರಡಿ. ಜಯಪ್ರಕಾಶ ನಗರ ಸ್ಟೇಷನ್ನಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಾಯಿಸಿ, ಕಬ್ಬನ್ ಪಾರ್ಕ್ ಸ್ಟೇಷನ್ನಲ್ಲಿ ಇಳಿದ್ವಿ. ಮೊಮ್ಮಗನಿಗೆ ಮೆಟ್ರೋದ ಓಡೋ ಮೆಟ್ಟಿಲೇ ಒಂದು ರೈಡು, ಮೂರು ಸಲ ಹತ್ತಿಸಿ ಇಳಿಸಿದ್ದಾಯ್ತು. ಪುಟಾಣಿ ರೈಲಲ್ಲಿ ನಾನೂ ಕೂತೆ, ಮಂಡಿ ಗಲ್ಲಕ್ಕೆ ತಾಗ್ತಾ ಇತ್ತು, ನಮ್ಮೆಜಮಾನ್ರು ಎದುರುಗಡೆ ಸೀಟಲ್ಲಿ ಬ್ಯಾಗು ತಬ್ಕೊಂಡು ಕೂತಿದ್ದರು. ಈ ಸಲ ಅವರು ಹೊರಗೆ ಕಾಯ್ತಾ ಇರಲಿಲ್ಲ. "ಅಜ್ಜಿ, ಇದು ಮೈಸೂರಿಗೆ ಹೋಗುತ್ತಾ, ಅತ್ತೆ ಮನೆಗೆ?" ಅಂತ ಮೊಮ್ಮಗಳು ಕೇಳಿದಳು. ಚಿಕ್ಕವನು ಇಳಿಯಲ್ಲ ಅಂತ ಕಂಬಿ ಹಿಡ್ಕೊಂಡು ಕೂತ. ಇನ್ನೊಂದು ಟಿಕೆಟ್ ತಗೊಂಡ್ವಿ. ಎರಡನೇ ಸುತ್ತಿಗೆ ಅವನು ನನ್ನ ಮಡಿಲಲ್ಲೇ ನಿದ್ದೆ ಹೋದ.

ಬುಧವಾರಕ್ಕೆ ಈಗ ತಯಾರಿ ನಡೀತಿದೆ. ನೀರಿನ ಆಟಕ್ಕೆ ಹತ್ತಿ ಬಟ್ಟೆ ಆಗಲ್ಲವಂತೆ, ನೈಲಾನ್ ಬಟ್ಟೆ ಬೇಕು. ಜಯನಗರ ನಾಲ್ಕನೇ ಬ್ಲಾಕಿಗೆ ಹೋಗಿ ಮಕ್ಕಳಿಗೆ ತಂದ್ವಿ. ಸೊಸೆ ನನಗೂ ಒಂದು ಪ್ಯಾಂಟು, ಉದ್ದ ತೋಳಿನ ಅಂಗಿ ತಗೊಂಡಿದಾಳೆ, ನೀಲಿ ಬಣ್ಣದ್ದು. ಹಾಕ್ಕೋತೀನಾ ಅಂತ ಇನ್ನೂ ಗೊತ್ತಿಲ್ಲ, ಬೀರುಲಿಟ್ಟಿದೀನಿ. ಮೊಮ್ಮಗಳು ಮಾತ್ರ ನಿನ್ನೆ ಬೆಳಿಗ್ಗೆ ಎದ್ದವಳೇ ಮುಖ ತೊಳೆಯೋಕೂ ಮುಂಚೆ ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು ನಿಂತು, "ಅಜ್ಜಿ, ಪೆನ್ಸಿಲ್ ತಗೊಂಡು ಬಾ" ಅಂತ ಕೂಗಿದಳು.